ಚೀನಾ ನೂಲಿನ ಸುಂಕಕ್ಕೂ ನಮ್ಮ ಗೂಡಿನ ದರಕ್ಕೂ ನಡುವೆ ಕೂತವರು ಯಾರು?

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕು. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ. ವರ್ಷಕ್ಕೆ ಐದು ಬೆಳೆ ಗೂಡು ತೆಗೆಯುತ್ತೇವೆ. ಚೀನಾ ರೇಷ್ಮೆ ಬಂತು ಅಂದರೆ ಸಾಕು, ಮಾರ್ಕೆಟ್ಟಿನಲ್ಲಿ ರೇಟು ಬೀಳುತ್ತದೆ. ಸುಂಕ ಹಾಕುವುದು, ಇಳಿಸುವುದು ದೆಹಲಿಯಲ್ಲಿ ಯಾರ ಕೈಯಲ್ಲಿದೆ? ಅವರಿಗೆ ಸೊಪ್ಪು, ಹುಳ ಅಂದರೆ ಏನು ಅಂತ ಗೊತ್ತಾ? ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರಿಗೆ ಇದರಲ್ಲಿ ಏನಾದರೂ ಪಾತ್ರ ಇದೆಯಾ? ನಮ್ಮಂಥ ರೈತರು ಹೇಳುವ ಮಾತು ಅಲ್ಲಿಗೆ ಮುಟ್ಟುವ ದಾರಿ ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸುಂಕ ಎಷ್ಟು ಅಂತ ಕೊನೆಗೆ ಬರೆಯುವುದು ಹಣಕಾಸು ಸಚಿವಾಲಯ. ಬಜೆಟ್ ದಿನ ಸಂಸತ್ತಿನಲ್ಲಿ ಹೇಳುವ ಸುಂಕವೂ ಅಲ್ಲಿಂದಲೇ ಬರುತ್ತದೆ. ವರ್ಷದ ನಡುವೆ ಅಧಿಸೂಚನೆ ಹೊರಡಿಸಿ ಹಾಕುವ ಸುಂಕವೂ ಅಲ್ಲಿಂದಲೇ. ಆದರೆ ಆ ಸಹಿ ಬೀಳುವ ಮೊದಲು ಫೈಲು ಸಾಕಷ್ಟು ಕಡೆ ಸುತ್ತಿರುತ್ತದೆ. ಜವಳಿ ಸಚಿವಾಲಯ ಒಂದು ಮಾತು ಹೇಳುತ್ತದೆ. ಆ ಸಚಿವಾಲಯದ ಕಷ್ಟ ಏನೆಂದರೆ, ರೇಷ್ಮೆ ಬೆಳೆಯುವ ನೀವೂ ಅದರ ಮಕ್ಕಳು, ಆ ನೂಲು ಕೊಳ್ಳುವ ನೇಕಾರರೂ ಅದರ ಮಕ್ಕಳು. ವಾಣಿಜ್ಯ ಸಚಿವಾಲಯ ಬೇರೆ ದೇಶಗಳ ಜೊತೆ ನಾವು ಮಾಡಿಕೊಂಡ ಒಪ್ಪಂದಗಳನ್ನು ಮುಂದಿಟ್ಟುಕೊಂಡು ಇನ್ನೊಂದು ಮಾತು ಹೇಳುತ್ತದೆ.

ಅವರಿಗೆ ಸೊಪ್ಪು ಗೊತ್ತಾ ಅಂತ ಕೇಳಿದ್ದೀರಿ. ದೆಹಲಿಯ ಆ ಮೇಜಿನಲ್ಲಿ ಇವತ್ತು ರೇಷ್ಮೆ, ನಾಳೆ ಉಕ್ಕು, ನಾಡಿದ್ದು ಔಷಧಿಯ ರಾಸಾಯನಿಕ. ಎಲ್ಲವೂ ಒಬ್ಬರಿಗೇ ಗೊತ್ತಿರಲು ಸಾಧ್ಯವಿಲ್ಲ. ಗೊತ್ತಿರುವವರನ್ನು ಕೇಳಬೇಕು. ರೇಷ್ಮೆಯ ವಿಷಯದಲ್ಲಿ ಯಾರನ್ನು ಕೇಳಬೇಕು ಅಂತ ಕಾನೂನೇ ಹೇಳಿದೆ. 1948ರ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆ ಇದೆಯಲ್ಲ, ಅದರಲ್ಲಿ ಮಂಡಳಿಯ ಕೆಲಸಗಳ ಪಟ್ಟಿಯಿದೆ. ಸಂಶೋಧನೆ, ಹಿಪ್ಪುನೇರಳೆ ಅಭಿವೃದ್ಧಿ, ಒಳ್ಳೆಯ ಮೊಟ್ಟೆ ಇವೆಲ್ಲದರ ಜೊತೆಗೆ ಇನ್ನೊಂದು ಕೆಲಸವೂ ಇದೆ. ಕಚ್ಚಾ ರೇಷ್ಮೆಯ ಆಮದು, ರಫ್ತಿನ ವಿಷಯದಲ್ಲಿ ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುವುದು. ಈ ಮಂಡಳಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಅದರ ದೊಡ್ಡ ಸಂಶೋಧನಾ ಸಂಸ್ಥೆ ನೀವು ಕೇಳಿರುವ ಮೈಸೂರಿನದು, ಮಾನಂದವಾಡಿ ರಸ್ತೆಯಲ್ಲಿ, 1961ರಿಂದ ನಡೆಯುತ್ತಿದೆ. ಅಂದರೆ ಸುಂಕದ ಫೈಲು ದೆಹಲಿಯಲ್ಲಿದ್ದರೂ ಅದಕ್ಕೆ ಬೇಕಾದ ತಿಳಿವಳಿಕೆ ನಿಮ್ಮೂರಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಇದೆ.

ನಾನು ಕೆಲಸ ಮಾಡಿದ ಅಷ್ಟೂ ವರ್ಷ ಗೂಡು ಮತ್ತು ನೂಲಿನ ಲೆಕ್ಕವನ್ನೇ ಬರೆದವನು. ಹಾಗಾಗಿ ಆ ಲೆಕ್ಕದ ಕಡೆಯಿಂದಲೇ ನಿಮಗೆ ವಿವರಿಸುತ್ತೇನೆ. ಸುಂಕದ ಶೇಕಡಾವಾರು ನಿಮ್ಮ ಜೇಬಿಗೆ ಹೇಗೆ ಮುಟ್ಟುತ್ತದೆ ಅನ್ನುವುದು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ನಡುವೆ ಇರುವ ಸೇತುವೆಯ ಹೆಸರು ರೆಂಡಿಟ್ಟಾ. ಒಂದು ಕೆಜಿ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕೆಜಿ ಗೂಡು ಬೇಕು ಅನ್ನುವ ಸಂಖ್ಯೆ. ರೀಲರ್‌ಗಳು (ಗೂಡು ಕೊಂಡು ನೂಲು ಬಿಚ್ಚುವವರು) ಮಾರ್ಕೆಟ್ಟಿನಲ್ಲಿ ನಿಮ್ಮ ಲಾಟಿಗೆ ಕೈ ಹಾಕಿ, ಗೂಡು ಒತ್ತಿ ನೋಡಿ, ಕಿವಿ ಹತ್ತಿರ ಅಲ್ಲಾಡಿಸುತ್ತಾರಲ್ಲ, ಆಗ ಅವರ ತಲೆಯಲ್ಲಿ ಓಡುತ್ತಿರುವುದು ಇದೇ ಸಂಖ್ಯೆ. ಲೆಕ್ಕ ಸುಲಭವಾಗಲಿ ಅಂತ ನಿಮ್ಮ ಮಿಶ್ರತಳಿ (ಎರಡು ಬಗೆಯ ಹುಳ ಬೆರೆಸಿದ ತಳಿಯ) ಗೂಡಿಗೆ ಏಳು ಅಂತ ಇಟ್ಟುಕೊಳ್ಳಿ. ನೂಲಿನ ದರ ಕೆಜಿಗೆ 350 ರೂಪಾಯಿ ಇಳಿಯಿತು ಅನ್ನಿ. ರೀಲರ್‌ನ ಕೂಲಿ, ಸೌದೆ, ಕರೆಂಟು ಯಾವುದೂ ಕಡಿಮೆಯಾಗುವುದಿಲ್ಲ. ಅವನು ಕೈ ಹಾಕಬಹುದಾದ್ದು ಗೂಡಿನ ದರಕ್ಕೆ ಮಾತ್ರ. 350ನ್ನು ಏಳರಿಂದ ಭಾಗಿಸಿ. ನಿಮ್ಮ ಗೂಡಿಗೆ ಕೆಜಿಗೆ 50 ರೂಪಾಯಿ ಹೋಯಿತು. 150 ಕೆಜಿ ಗೂಡಿನ ಒಂದು ಬೆಳೆಗೆ 7,500 ರೂಪಾಯಿ.

ಈಗ ಇದೇ ಅಳತೆಯಲ್ಲಿ ಸುಂಕವನ್ನು ನೋಡಿ. 2021ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆ ಮತ್ತು ರೇಷ್ಮೆ ನೂಲಿನ ಮೇಲಿನ ಸುಂಕವನ್ನು ಶೇ 10ರಿಂದ ಶೇ 15ಕ್ಕೆ ಏರಿಸಿದರು. ಬಂದರಿಗೆ ಬಂದ ನೂಲಿನ ಬೆಲೆ ಕೆಜಿಗೆ 4,000 ರೂಪಾಯಿ ಅಂತ ಇಟ್ಟುಕೊಂಡರೆ ಸುಂಕ 400ರಿಂದ 600 ಆಯಿತು. ಹೆಚ್ಚಾದದ್ದು 200. ಏಳರಿಂದ ಭಾಗಿಸಿದರೆ ಗೂಡಿಗೆ ಸುಮಾರು 28 ರೂಪಾಯಿ. 150 ಕೆಜಿಗೆ ನಾಲ್ಕು ಸಾವಿರದ ಚಿಲ್ಲರೆ. ಅದು ಪೂರ್ತಿ ನಿಮ್ಮ ಕೈಗೆ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಡಾಲರ್ ದರ, ಚೀನಾದ ಒಳಗಿನ ಬೆಲೆ, ಮದುವೆ ಸೀಸನ್ನಿನ ಸೀರೆ ಬೇಡಿಕೆ ಇವೆಲ್ಲ ನಡುವೆ ಕೈಯಾಡಿಸುತ್ತವೆ. ಆದರೂ ಶೇ 5 ಅಂದರೆ ಎಷ್ಟು ಅಂತ ಈಗ ನಿಮಗೆ ಒಂದು ಅಂದಾಜು ಸಿಕ್ಕಿತು, ಅಲ್ವಾ?

ಅದಕ್ಕೂ ಹತ್ತು ವರ್ಷ ಹಿಂದಕ್ಕೆ ಹೋದರೆ ನಿಮಗೇ ನೆನಪಿರಬಹುದು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಯಿತು. ನೇಕಾರರಿಗೆ ನೂಲು ಅಗ್ಗವಾಗಲಿ ಅನ್ನುವುದು ಉದ್ದೇಶ. ಮೇಲಿನ ಲೆಕ್ಕವನ್ನೇ ಹಾಕಿ ನೋಡಿ. 25 ಅಂಶ ಇಳಿದರೆ 4,000 ರೂಪಾಯಿಯ ನೂಲಿಗೆ 1,000 ರೂಪಾಯಿ. ಗೂಡಿಗೆ 140ಕ್ಕೂ ಜಾಸ್ತಿ. ಆಗಿನ ಬೆಲೆಗಳು ಬೇರೆ, ಆದರೆ ಏಟಿನ ಗಾತ್ರ ಎಷ್ಟು ಅಂತ ತಿಳಿಯಲು ಇದು ಸಾಕು. ಗೂಡಿನ ದರ ಕುಸಿಯಿತು, ರಾಮನಗರದಿಂದ ಶಿಡ್ಲಘಟ್ಟದವರೆಗೆ ರೈತರು ಬೀದಿಗಿಳಿದರು. ಎಷ್ಟೋ ಕಡೆ ತೋಟ ಕಿತ್ತರು. 2013ರ ಬಜೆಟ್ಟಿನಲ್ಲಿ ಅದನ್ನು ಶೇ 15ಕ್ಕೆ ಏರಿಸಿದರು. (ಆಮೇಲೆ ಅದು ಮತ್ತೆ ಶೇ 10ಕ್ಕೆ ಇಳಿದಿತ್ತು, 2021ರಲ್ಲಿ ಏರಿಸಿದ್ದು ಅದನ್ನೇ.) ಆದರೆ ಹಿಪ್ಪುನೇರಳೆ ರಾಗಿಯ ಹಾಗಲ್ಲ. ಒಮ್ಮೆ ಬೇರು ಸಮೇತ ಕಿತ್ತ ತೋಟವನ್ನು ಸುಂಕ ಏರಿತು ಅಂತ ಮರುದಿನ ನೆಡಲಾಗುವುದಿಲ್ಲ. ಸಲಹೆ ಕೊಡುವವರು ದೆಹಲಿಗೆ ಗಟ್ಟಿಯಾಗಿ ಹೇಳಬೇಕಾದ ಮಾತು ಇದು ಅಂತ ನಾನು ಇವತ್ತಿಗೂ ನಂಬಿದ್ದೇನೆ. ಶೇಕಡಾ ಎಷ್ಟು ಅನ್ನುವುದಕ್ಕಿಂತ, ಎಷ್ಟು ನಿಧಾನವಾಗಿ ಇಳಿಸುತ್ತೀರಿ ಅನ್ನುವುದು ಇಂಥ ಬೆಳೆಗೆ ದೊಡ್ಡದು.

ಇಷ್ಟು ಸಾಮಾನ್ಯ ಸುಂಕದ ಮಾತಾಯಿತು. ಇನ್ನೊಂದು ಬಗೆಯ ಸುಂಕ ಇದೆ, ಅದೇ ಡಂಪಿಂಗ್ ವಿರೋಧಿ ಸುಂಕ. ತಜ್ಞರ ಕೆಲಸ ನಿಜವಾಗಿ ಕಾಣುವುದು ಇಲ್ಲಿ.

ಬೇರೆ ದೇಶದವರು ತಮ್ಮಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ನಮಗೆ ಕಳಿಸಿದರೆ ಅದನ್ನು ಡಂಪಿಂಗ್ ಅನ್ನುತ್ತಾರೆ. ಅದರಿಂದ ನಮ್ಮ ಉದ್ಯಮಕ್ಕೆ ಪೆಟ್ಟು ಬಿದ್ದಿದೆ ಅಂತ ತೋರಿಸಿದರೆ 1975ರ ಕಸ್ಟಮ್ಸ್ ಟಾರಿಫ್ ಕಾಯ್ದೆಯ 9ಎ ಕಲಮಿನಡಿ ಹೆಚ್ಚುವರಿ ಸುಂಕ ಹಾಕಬಹುದು. ವಿಚಾರಣೆ ಮಾಡುವುದು ವಾಣಿಜ್ಯ ಸಚಿವಾಲಯದ ಕೆಳಗಿನ ಡಿಜಿಟಿಆರ್ (ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ) ಅನ್ನುವ ಕಚೇರಿ. 2018ಕ್ಕೆ ಮೊದಲು ಇದರ ಹೆಸರು ಬೇರೆ ಇತ್ತು, ಆಗ ಬೇರೆ ಬೇರೆ ಕಡೆ ಇದ್ದ ಕೆಲಸಗಳನ್ನು ಸೇರಿಸಿ ಒಂದು ಮಾಡಿದರು. ಅಲ್ಲಿ ಕಾಸ್ಟ್ ಅಕೌಂಟೆಂಟರು, ವ್ಯಾಪಾರ ಸೇವೆಯ ಅಧಿಕಾರಿಗಳು ಕೂತು ಪ್ರಶ್ನಾವಳಿ ಕಳಿಸುತ್ತಾರೆ, ಲೆಕ್ಕದ ಪುಸ್ತಕ ತಪಾಸಣೆ ಮಾಡುತ್ತಾರೆ, ಎರಡೂ ಕಡೆಯ ವಾದ ಕೇಳುತ್ತಾರೆ. ಸಾಮಾನ್ಯವಾಗಿ ಒಂದು ವರ್ಷದೊಳಗೆ ಮುಗಿಸಬೇಕು, ತಡವಾದರೆ ಒಂದೂವರೆ ವರ್ಷ. ಅವರು ಶಿಫಾರಸು ಮಾಡುತ್ತಾರೆ. ಸುಂಕ ಹಾಕುವುದೋ ಬಿಡುವುದೋ ಮತ್ತೆ ಹಣಕಾಸು ಸಚಿವಾಲಯದ್ದೇ. ಹಾಕಿದರೆ ಸಾಧಾರಣವಾಗಿ ಐದು ವರ್ಷ ಇರುತ್ತದೆ.

ಅಮೆರಿಕದಲ್ಲಿ ಇದನ್ನು ಎರಡು ಕಚೇರಿಗೆ ಹಂಚಿದ್ದಾರೆ. ಡಂಪಿಂಗ್ ಆಗಿದೆಯಾ ಅಂತ ವಾಣಿಜ್ಯ ಇಲಾಖೆ ನೋಡುತ್ತದೆ, ಪೆಟ್ಟು ಬಿದ್ದಿದೆಯಾ ಅಂತ 1916ರಲ್ಲಿ ಶುರುವಾದ ಒಂದು ಪ್ರತ್ಯೇಕ ಆಯೋಗ ನೋಡುತ್ತದೆ. ನಮ್ಮಲ್ಲಿ ಎರಡೂ ಒಂದೇ ಸೂರಿನಡಿ.

2003ರಲ್ಲಿ ಚೀನಾದ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ ಇಂಥ ಸುಂಕ ಬಂತು. ಅದು ಎಲ್ಲ ರೇಷ್ಮೆಗೂ ಅಲ್ಲ, 2ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ ಮಾತ್ರ. ಈ ‘2ಎ’ ಅನ್ನುವ ಎರಡು ಅಕ್ಷರದ ಹಿಂದೆ ಎಷ್ಟು ಕೆಲಸ ಇದೆ ಗೊತ್ತಾ?

ನೂಲಿಗೆ ದರ್ಜೆ ಕೊಡುವುದನ್ನು ನೀವು ಒಮ್ಮೆ ನೋಡಬೇಕು. ಕಪ್ಪು ಹಲಗೆಯೊಂದರ ಮೇಲೆ ನೂಲನ್ನು ಎಳೆ ಪಕ್ಕ ಎಳೆಯಾಗಿ ಪಟ್ಟಿ ಪಟ್ಟಿ ಸುತ್ತುತ್ತಾರೆ. ಅದನ್ನು ಕತ್ತಲೆ ಕೋಣೆಯಲ್ಲಿ ನಿಲ್ಲಿಸಿ ಮೇಲಿಂದ ಒಂದೇ ಅಳತೆಯ ಬೆಳಕು ಬಿಡುತ್ತಾರೆ. ನೂಲು ಒಂದೇ ದಪ್ಪ ಇದ್ದರೆ ಹಲಗೆ ಹಾಲು ಬಳಿದ ಹಾಗೆ ಕಾಣುತ್ತದೆ. ಎಲ್ಲಾದರೂ ಸಪೂರವಾಗಿದ್ದರೆ ಅಲ್ಲಿ ಕಪ್ಪು ಗೆರೆ. ಗಂಟು, ಕುಣಿಕೆ, ಅಂಟಿದ ಕಸ ಇದ್ದರೆ ಚುಕ್ಕಿ. ಪರೀಕ್ಷಕರು ಪ್ರಮಾಣದ ಫೋಟೋ ಪಕ್ಕದಲ್ಲಿಟ್ಟುಕೊಂಡು ಅಂಕ ಕೊಡುತ್ತಾರೆ. ಜೊತೆಗೆ ನೂಲಿನ ಸಪೂರ, ಎಳೆದಾಗಿನ ಬಲ, ಸುತ್ತುವಾಗ ಎಷ್ಟು ಸಲ ಕಡಿಯಿತು ಅನ್ನುವುದು. ಇಷ್ಟೂ ಆದಮೇಲೆ ಇದು 4ಎ, ಇದು 2ಎ, ಇದು ಬರೀ ಎ.

ಚರಕ, ಕಾಟೇಜ್ ಬೇಸಿನ್ ಅನ್ನುವ ಸಣ್ಣ ಸಾಧನಗಳಲ್ಲಿ ನೂಲು ಬಿಚ್ಚುವ ನಮ್ಮ ರೀಲರ್‌ಗಳ ಮಿಶ್ರತಳಿ ನೂಲು ಮೇಲಿನ ದರ್ಜೆಗೆ ಹೋಗುವುದಿಲ್ಲ. ಆದ್ದರಿಂದ ನಮ್ಮ ನೂಲಿನ ಜೊತೆ ಮಾರುಕಟ್ಟೆಯಲ್ಲಿ ಮುಖಾಮುಖಿ ನಿಲ್ಲುವುದು ಚೀನಾದ ಕೆಳ ದರ್ಜೆಯ ನೂಲು. ಅವರ 4ಎ ನೂಲು ಬೇರೆ ಕೆಲಸಕ್ಕೆ ಹೋಗುತ್ತದೆ. ಇದನ್ನು ಹೇಳಲು ಅರ್ಥಶಾಸ್ತ್ರಜ್ಞರಿಂದ ಆಗುವುದಿಲ್ಲ, ವಕೀಲರಿಂದಲೂ ಆಗುವುದಿಲ್ಲ. ಕಪ್ಪು ಹಲಗೆ ನೋಡಿದವರಿಂದಲೇ ಆಗಬೇಕು. ಗೆರೆ ಎಲ್ಲಿ ಎಳೆಯಬೇಕು ಅಂತ ತಪ್ಪಿದರೆ ಸುಂಕ ಇದ್ದೂ ಇಲ್ಲದ ಹಾಗೆ. ತುಂಬ ಕೆಳಗೆ ಎಳೆದರೆ ಒಂದು ದರ್ಜೆ ಮೇಲಿನ ನೂಲು ನುಗ್ಗುತ್ತದೆ. ತುಂಬ ಮೇಲೆ ಎಳೆದರೆ ನಮ್ಮಲ್ಲಿ ಸಿಗದ ನೂಲಿಗೂ ನೇಕಾರ ದಂಡ ಕಟ್ಟುತ್ತಾನೆ.

ಇನ್ನೊಂದು ತೊಡಕೂ ಇದೆ. ಜಗತ್ತಿನಾದ್ಯಂತ ಸರಕಿಗೆ ಕೋಡ್ ಸಂಖ್ಯೆ ಇರುತ್ತದೆ. ನೂಲು ಬಿಚ್ಚುವ ಗೂಡಿಗೆ 5001, ಹುರಿ ಮಾಡದ ಕಚ್ಚಾ ರೇಷ್ಮೆಗೆ 5002, ತ್ಯಾಜ್ಯಕ್ಕೆ 5003, ನೂಲಿಗೆ 5004, ಬಟ್ಟೆಗೆ 5007. ಕೋಲ್ಕತ್ತದ ಡಿಜಿಸಿಐಎಸ್ ಕಚೇರಿ ಎಲ್ಲ ಬಂದರುಗಳಿಂದ ಈ ಕೋಡ್ ಪ್ರಕಾರ ಅಂಕಿಅಂಶ ಕೂಡಿಸುತ್ತದೆ. ಆದರೆ ಆ ಕೋಡಿನಲ್ಲಿ ದರ್ಜೆ ಇಲ್ಲ. ಎಷ್ಟು ಟನ್ ಬಂತು ಅಂತ ಗೊತ್ತಾಗುತ್ತದೆ, ಅದರಲ್ಲಿ 2ಎ ಎಷ್ಟು ಅಂತ ಆ ಪಟ್ಟಿ ಹೇಳುವುದಿಲ್ಲ. ಅದಕ್ಕೆ ಒಂದೊಂದು ಸರಕಿನ ಕಾಗದ ತೆಗೆದು ನೋಡಬೇಕು, ಅನುಮಾನ ಬಂದರೆ ಮಾದರಿ ತೆಗೆದು ಪರೀಕ್ಷಿಸಬೇಕು. ಕಚ್ಚಾ ರೇಷ್ಮೆಗೆ ಸುಂಕ ಏರಿಸಿ ಬಟ್ಟೆಯನ್ನು ಮರೆತರೆ ಅದೇ ರೇಷ್ಮೆ ಬಟ್ಟೆಯಾಗಿ ಒಳಗೆ ಬರುತ್ತದೆ. ಚೀನಾದ್ದು ಇನ್ನೊಂದು ದೇಶ ಸುತ್ತಿ, ಆ ದೇಶದ ಜೊತೆಗಿನ ಒಪ್ಪಂದದ ರಿಯಾಯಿತಿ ಹಿಡಿದು ಬರುವುದೂ ಉಂಟು. ಅದಕ್ಕೇ 2020ರಲ್ಲಿ ಮೂಲ ದೇಶದ ಪುರಾವೆಯನ್ನು ಆಮದುದಾರನೇ ಇಟ್ಟುಕೊಂಡಿರಬೇಕು ಅಂತ ಕಸ್ಟಮ್ಸ್ ನಿಯಮ ಮಾಡಿದರು.

ಈಗ ನಿಮಗೆ ತೀರಾ ಹತ್ತಿರದ ಒಂದು ವಿಷಯ ಹೇಳಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಾಗಲು ವರ್ಷಗಳು ಬೇಕಾದವು.

ಡಂಪಿಂಗ್ ವಿಚಾರಣೆಯಲ್ಲಿ ಪೆಟ್ಟು ಯಾರಿಗೆ ಬಿದ್ದಿದೆ ಅಂತ ನೋಡಬೇಕು? ‘ದೇಶೀಯ ಉದ್ಯಮ’ಕ್ಕೆ. ಹಾಗಂದರೆ ಆಮದಾದ ಸರಕಿನಂಥದ್ದೇ ಸರಕನ್ನು ಇಲ್ಲಿ ತಯಾರಿಸುವವರು. ಇಲ್ಲಿ ಸರಕು ಕಚ್ಚಾ ರೇಷ್ಮೆ. ಅದನ್ನು ತಯಾರಿಸುವವರು ರೀಲರ್‌ಗಳು. ನೀವು ತಯಾರಿಸುವುದು ಗೂಡು. ಅಂದರೆ ಆ ಪದದ ಒಳಗೆ ನೀವು ಇಲ್ಲ. ಈಗ ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ. ಚೀನಾ ನೂಲು ಅಗ್ಗವಾದಾಗ ರೀಲರ್ ಏನು ಮಾಡಿದ? ಗೂಡಿನ ದರ ಇಳಿಸಿದ. ಅವನ ಲೆಕ್ಕದ ಪುಸ್ತಕದಲ್ಲಿ ಮಾರಾಟ ದರ ಇಳಿದಿದೆ, ಖರೀದಿ ದರವೂ ಇಳಿದಿದೆ, ನಡುವಿನ ಲಾಭ ಹೆಚ್ಚುಕಡಿಮೆ ಹಾಗೇ ಇದೆ. ದೆಹಲಿಯಲ್ಲಿ ಕೂತ ಅಕೌಂಟೆಂಟರ ಕಣ್ಣಿಗೆ ಅಲ್ಲಿ ದೊಡ್ಡ ಪೆಟ್ಟೇ ಕಾಣುವುದಿಲ್ಲ. ಪೆಟ್ಟು ಬಿದ್ದಿರುವುದು ಆ ಪುಸ್ತಕದ ಹೊರಗೆ, ನಿಮ್ಮ ಮನೆಯಲ್ಲಿ.

ಈ ಕಂದಕವನ್ನು ತುಂಬುವ ಕೆಲಸ ಸರ್ಕಾರಿ ತಜ್ಞರದ್ದು. ಗೂಡಿನ ದರ, ಗೂಡಿನ ಉತ್ಪಾದನಾ ವೆಚ್ಚ, ತೋಟದ ವಿಸ್ತೀರ್ಣ ಕಡಿಮೆಯಾದದ್ದು ಇವನ್ನೆಲ್ಲ ಸಾಕ್ಷಿ ಸಮೇತ ಪಕ್ಕದಲ್ಲಿಟ್ಟು, ನೋಡಿ, ರೀಲರ್‌ನ ಲಾಭ ಉಳಿದಿರುವುದು ರೈತನ ನಷ್ಟದಿಂದ ಅಂತ ತೋರಿಸಿಕೊಡಬೇಕು. ಮಂಡಳಿಯ ಅಂಕಿಅಂಶ ವಿಭಾಗ, ರಾಜ್ಯದ ರೇಷ್ಮೆ ಇಲಾಖೆ, ಗೂಡಿನ ಮಾರುಕಟ್ಟೆಯ ದಿನದ ವಹಿವಾಟಿನ ಪುಸ್ತಕ, ಎಲ್ಲವೂ ಇದಕ್ಕೆ ಬೇಕು. ಎದುರು ಕಡೆ ರಫ್ತುದಾರರ ವಕೀಲರು ಒಂದೊಂದು ಅಂಕಿಯನ್ನೂ ಜಾಲಾಡುತ್ತಾರೆ. ಮಾರುಕಟ್ಟೆ ಪುಸ್ತಕದಲ್ಲಿ ಒಂದು ದರ, ರೀಲರ್‌ನ ಖರೀದಿ ಪುಸ್ತಕದಲ್ಲಿ ಇನ್ನೊಂದು ದರ ಇದ್ದರೆ ಇಡೀ ಪಟ್ಟಿಯೇ ಬಿದ್ದುಹೋಗುತ್ತದೆ. ಅಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆರು ತಿಂಗಳು ಓಡಾಡಿ ಬರೆದ ಹಾಳೆಗಳನ್ನು ಹಾಗೇ ಕಟ್ಟಿ ವಾಪಸ್ ತಂದದ್ದು ಈಗಲೂ ನೆನಪಾದರೆ ಸಂಕಟ ಆಗುತ್ತದೆ.

ವೆಚ್ಚದ ಲೆಕ್ಕ ಬರೆಯುವುದು ಎಂಥ ಕೆಲಸ ಅಂತ ಹೇಳುತ್ತೇನೆ ಕೇಳಿ. ಮದ್ದೂರು ಕಡೆಯ ಒಂದು ಹಳ್ಳಿ. ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಮೂರು ದಿನ ಆಗಿತ್ತು. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲು ತಿನ್ನುವುದು ಆ ಒಂದು ವಾರದಲ್ಲಿ. ಮನೆಯ ಯಜಮಾನರು ಜಗಲಿ ಮೇಲೆ ಕೂತು ಖರ್ಚು ಹೇಳಿದರು, ನಾನು ಬರೆದೆ. ಚಾಕಿ (ಮರಿ) ಹುಳಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಸುಣ್ಣ, ಬ್ಲೀಚಿಂಗ್ ಪೌಡರ್, ಚಂದ್ರಿಕೆ (ಹುಳ ಗೂಡು ಕಟ್ಟುವ ತಟ್ಟೆ) ಬಾಡಿಗೆ, ಮಾರ್ಕೆಟ್ಟಿಗೆ ಆಟೋ. ಕೂಲಿ ಎಷ್ಟು ಅಂದೆ. ಕೂಲಿ ಇಲ್ಲ ಸಾರ್, ಮನೆಯವರೇ ಮಾಡ್ತೀವಿ ಅಂದರು. ಅಷ್ಟರಲ್ಲಿ ಅವರ ಹೆಂಡತಿ ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದರು. ಅಮ್ಮ, ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದಿರಿ ಅಂತ ಕೇಳಿದೆ. ನಾಲ್ಕೂವರೆ ಅಂದರು. ಸೊಪ್ಪು ಎಷ್ಟು ಸಲ ಹಾಕುತ್ತೀರಿ? ನಾಲ್ಕು ಸಲ. ಕೊನೇದು? ರಾತ್ರಿ ಹತ್ತಕ್ಕೆ. ಹಿಕ್ಕೆ ತೆಗೆಯುವುದು ಯಾರು? ನಾನೂ ಮಗಳೂ. ಅಷ್ಟನ್ನೂ ಗಂಟೆಗೆ ತಿರುಗಿಸಿ, ಊರಿನ ಕೂಲಿ ದರ ಹಾಕಿ, ಖಾಲಿ ಬಿಟ್ಟಿದ್ದ ಕಾಲಂ ತುಂಬಿದೆ. ಯಜಮಾನರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತಾವೇ ಇನ್ನೊಂದು ಸಲ ಕೂಡಿಸಿದರು. ಆಮೇಲೆ ಏನೂ ಮಾತಾಡದೆ ಎದ್ದು ಹೋಗಿ ಆ ಹೊರೆ ಇಳಿಸಿಕೊಂಡರು.

ಆ ಕಾಲಂ ಖಾಲಿ ಇದ್ದರೆ ನಮ್ಮ ಗೂಡಿನ ವೆಚ್ಚ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಕಡಿಮೆ ಕಂಡರೆ, ಈ ಬೆಲೆಗೂ ನಿಮಗೆ ಕಟ್ಟುತ್ತದಲ್ಲ ಅನ್ನುತ್ತಾರೆ.

ಇದು ಹೊಸ ಜಗಳವೇನಲ್ಲ. 1930ರ ದಶಕದ ಮುಗ್ಗಟ್ಟಿನಲ್ಲಿ ಚೀನಾ ಮತ್ತು ಜಪಾನಿನ ರೇಷ್ಮೆ ಇಲ್ಲಿ ಸುರಿಯಿತು. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನಲ್ಲಿ ರೇಷ್ಮೆ ಕಾರ್ಖಾನೆ ಹಾಕಿದ್ದರು. ಸಂಸ್ಥಾನದ ಹಳ್ಳಿಹಳ್ಳಿಯಲ್ಲಿ ಹುಳ ಸಾಕುತ್ತಿದ್ದರು. ಆದರೆ ಬಂದರಿನ ಸುಂಕ ಸಂಸ್ಥಾನದ ಕೈಯಲ್ಲಿರಲಿಲ್ಲ. ಆಗ ಬ್ರಿಟಿಷ್ ಇಂಡಿಯಾದಲ್ಲಿ ಟಾರಿಫ್ ಬೋರ್ಡ್ ಅಂತ ಇತ್ತು. ಯಾವ ಉದ್ಯಮಕ್ಕೆ ರಕ್ಷಣೆ ಬೇಕು ಅಂತ ವೆಚ್ಚ ಲೆಕ್ಕ ಹಾಕಿ, ಸಾಕ್ಷಿ ಕೇಳಿ ಹೇಳುವುದು ಅದರ ಕೆಲಸ. 1933ರಲ್ಲಿ ಅದು ರೇಷ್ಮೆ ಉದ್ಯಮದ ವಿಚಾರಣೆ ಮಾಡಿತು. 1934ರಲ್ಲಿ ರಕ್ಷಣಾ ಸುಂಕ ಬಂತು.

ಮಂಡ್ಯದವರಾದ ನಿಮಗೆ ಸಕ್ಕರೆಯ ಕಥೆ ಇನ್ನೂ ಹತ್ತಿರ. ಜಾವಾ ಸಕ್ಕರೆ ಬಂದು ಬೀಳುತ್ತಿದ್ದ ಕಾಲ ಅದು. ಇದೇ ಟಾರಿಫ್ ಬೋರ್ಡಿನ ವರದಿ ಆಧರಿಸಿ 1932ರಲ್ಲಿ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ ಬಂತು. ದೇಶದಲ್ಲಿ ಮೂವತ್ತರ ಆಸುಪಾಸು ಇದ್ದ ಸಕ್ಕರೆ ಕಾರ್ಖಾನೆಗಳು ನಾಲ್ಕೈದು ವರ್ಷದಲ್ಲಿ ನೂರು ದಾಟಿದವು. ಅದೇ ಗಾಳಿಯಲ್ಲಿ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕನ್ನಂಬಾಡಿ ನೀರು ಇತ್ತು, ನಾಲೆ ಇತ್ತು, ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಅವರಂಥ ತಿಳಿದವರಿದ್ದರು. ಸುಂಕದ ಗೋಡೆ ಇಲ್ಲದಿದ್ದರೆ ಆ ಕಾರ್ಖಾನೆ ಕಾಲೂರುವುದು ಕಷ್ಟವಿತ್ತು ಅಂತ ನನ್ನ ಅಭಿಪ್ರಾಯ.

ಲೆಕ್ಕ ನಮ್ಮ ಮೇಲೇ ತಿರುಗಿಬಿದ್ದದ್ದೂ ಕಬ್ಬಿನಲ್ಲೇ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಸೇರಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ಮೇಲೆ ದೂರು ಹಾಕಿದವು. ಸರ್ಕಾರ ಕಬ್ಬಿಗೆ ಬೆಲೆ ಗೊತ್ತು ಮಾಡುವುದೇ ಒಂದು ಬೆಂಬಲ, ಅದು ಬೆಳೆಯ ಒಟ್ಟು ಮೌಲ್ಯದ ಶೇ 10ರ ಮಿತಿ ದಾಟಿದೆ ಅನ್ನುವುದು ಅವರ ವಾದ. ದುಡ್ಡು ಕೊಡುವುದು ಕಾರ್ಖಾನೆ, ಸರ್ಕಾರ ಅಲ್ಲ ಅಂತ ನಮ್ಮವರು ಹೇಳಿದರು. 2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿದೆ, ಆದರೆ ಮೇಲ್ಮನವಿ ಕೇಳುವ ಪೀಠವೇ 2019ರ ಡಿಸೆಂಬರ್‌ನಿಂದ ನಡೆಯುತ್ತಿಲ್ಲ. ಅಂದಹಾಗೆ ಆ ಸಂಸ್ಥೆಯ ಕೃಷಿ ಒಪ್ಪಂದದಲ್ಲಿ ಗೂಡು ಮತ್ತು ಕಚ್ಚಾ ರೇಷ್ಮೆಯನ್ನು ಕೃಷಿ ಸರಕು ಅಂತಲೇ ಸೇರಿಸಿದ್ದಾರೆ. ಹುರಿ ಹಾಕಿದ ಮೇಲಿನ ನೂಲು ಕೈಗಾರಿಕೆಯ ಸರಕು. ಗೂಡಿಗೆ ಬೆಂಬಲ ಬೆಲೆ ಕೇಳುವಾಗ ಈ ಮಿತಿಯ ಲೆಕ್ಕ ಅಧಿಕಾರಿಗಳ ತಲೆಯಲ್ಲಿರುತ್ತದೆ ಅನ್ನುವುದು ನಿಮಗೂ ತಿಳಿದಿರಲಿ.

ಇಷ್ಟು ಹೇಳಿದೆ ಅಂತ ಸುಂಕವನ್ನು ಮುಗಿಲಿಗೇರಿಸಬೇಕು ಅನ್ನುವವನು ನಾನಲ್ಲ. ನೇಕಾರರ ಮಗ್ಗದ ಹತ್ತಿರವೂ ನಿಂತು ನೋಡಿದ್ದೇನೆ. ಹಾಸಿನ ನೂಲು (ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ಎಳೆ) ಗಟ್ಟಿ ಇರಬೇಕು, ಒಂದೇ ದಪ್ಪ ಇರಬೇಕು. ಪವರ್‌ಲೂಮಿನ ಓಟಕ್ಕೆ ಕಡಿಯಬಾರದು. ಅದಕ್ಕೇ ಎಷ್ಟೋ ಕಡೆ ಹಾಸು ಚೀನಾ ನೂಲಿನದು, ಹೊಕ್ಕು (ಅಡ್ಡಕ್ಕೆ ಓಡುವ ಎಳೆ) ನಮ್ಮ ನೂಲಿನದು. ಹಾಸೇ ಸಿಗದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ನಿಮ್ಮ ಹೊಕ್ಕಿನ ನೂಲನ್ನು ಕೇಳುವವರೂ ಇರುವುದಿಲ್ಲ. ನಾವು ಬೆಳೆಯುವುದಕ್ಕಿಂತ ಜಾಸ್ತಿ ರೇಷ್ಮೆ ಉಡುವ ದೇಶ ನಮ್ಮದು. 2023-24ರಲ್ಲಿ ನಾಲ್ಕೂ ಬಗೆಯ ರೇಷ್ಮೆ ಸೇರಿ ದೇಶದಲ್ಲಿ ಸುಮಾರು 38,900 ಟನ್ ಬೆಳೆದರು, ಅದರಲ್ಲಿ ಮೂರನೇ ಒಂದು ಪಾಲಿನ ಆಸುಪಾಸು ಕರ್ನಾಟಕದ್ದು. ಆದರೂ ಸಾಲದೆ ತರಿಸುತ್ತೇವೆ.

ಮೈಸೂರಿನ ಸಂಸ್ಥೆಯ ಪಾತ್ರ ಕೇಳಿದ್ದಿರಿ. ಸುಂಕದ ಸಭೆಯಲ್ಲಿ ಅದರ ಹೆಸರು ಅಪರೂಪಕ್ಕೆ ಬರುತ್ತದೆ. ಆದರೆ ನಿಮ್ಮ ತೋಟದ ವಿ-1 ತಳಿಯ ಹಿಪ್ಪುನೇರಳೆ ಸೊಪ್ಪು ಅಲ್ಲಿಂದ ಬಂದದ್ದು. ಜಪಾನಿನ ನೆರವಿನ ಯೋಜನೆಯಲ್ಲಿ 1990ರ ದಶಕದಲ್ಲಿ ಅಲ್ಲಿ ಸಿಎಸ್‌ಆರ್-2, ಸಿಎಸ್‌ಆರ್-4 ಅನ್ನುವ ದ್ವಿತಳಿ (ಹೆಚ್ಚು, ಒಳ್ಳೆಯ ನೂಲು ಕೊಡುವ ತಳಿ) ಹುಳಗಳನ್ನು ಬೆಳೆಸಿದರು. ನಮ್ಮ ಹವೆಗೆ ದ್ವಿತಳಿ ಆಗದು ಅಂತ ಎಲ್ಲರೂ ಅನ್ನುತ್ತಿದ್ದ ಕಾಲ ಅದು. ಈಗ ರೆಂಡಿಟ್ಟಾ ಲೆಕ್ಕಕ್ಕೆ ಮತ್ತೆ ಬನ್ನಿ. ಏಳು ಕೆಜಿ ಬೇಕಾದ ಕಡೆ ಆರು ಕೆಜಿ ಗೂಡಿನಲ್ಲಿ ನೂಲು ಬಂತು ಅನ್ನಿ. ಗೂಡಿಗೆ 500 ರೂಪಾಯಿ ಇದ್ದರೆ ಒಂದು ಕೆಜಿ ನೂಲಿಗೆ ಉಳಿದದ್ದು 500. ಶೇ 5ರ ಸುಂಕ ಏರಿಕೆ ಕೊಟ್ಟದ್ದು 200. ದ್ವಿತಳಿ ಗೂಡಿಗೆ ದರ ಜಾಸ್ತಿ ಕೇಳುತ್ತೀರಿ, ಹಾಗಾಗಿ ಆ 500 ನಿಮಗೂ ರೀಲರ್‌ಗೂ ಹಂಚಿಹೋಗುತ್ತದೆ. ಆದರೂ ಈ ಉಳಿತಾಯವನ್ನು ಯಾವ ಬಜೆಟ್ಟೂ ಕಿತ್ತುಕೊಳ್ಳಲಾರದು. ಮೇಲಾಗಿ ದ್ವಿತಳಿ ನೂಲು ಒಳ್ಳೆಯ ರೀಲಿಂಗ್ ಮೆಷಿನ್ನಿನಲ್ಲಿ ಬಿಚ್ಚಿದರೆ ಹಾಸು ನೂಲಾಗಿ ನಿಲ್ಲುತ್ತದೆ. ಹುಳದ ತಳಿ ಬೆಳೆಸುವವರನ್ನೂ ಸುಂಕದ ಸಲಹೆ ಬರೆಯುವವರನ್ನೂ ಒಂದೇ ಮೇಜಿನ ಸುತ್ತ ಕೂರಿಸಬೇಕು ಅಂತ ನಾನು ಸದಾ ಹೇಳುತ್ತಾ ಬಂದಿರುವುದು ಇದಕ್ಕೇ. ಇಷ್ಟು ವರ್ಷದಲ್ಲಿ ಇಷ್ಟು ಟನ್ ದ್ವಿತಳಿ ನೂಲು ಬರುತ್ತದೆ, ಅಲ್ಲಿಯವರೆಗೆ ಸುಂಕ ಇರಲಿ, ಆಮೇಲೆ ಹಂತಹಂತವಾಗಿ ಇಳಿಸಿ ಅಂತ ಹೇಳಿದರೆ ಆ ಮಾತಿಗೆ ತೂಕ ಇರುತ್ತದೆ. ಸುಮ್ನೆ ಸುಂಕ ಏರಿಸಿ ಅಂದರೆ ನೇಕಾರರ ಕಡೆಯವರೂ ಅಷ್ಟೇ ಜೋರಾಗಿ ಇಳಿಸಿ ಅನ್ನುತ್ತಾರೆ.

ಕೊನೆಗೆ, ನಿಮ್ಮ ಮಾತು ಮುಟ್ಟುವ ದಾರಿ. ಡಂಪಿಂಗ್ ವಿಚಾರಣೆ ಶುರುವಾದರೆ ಡಿಜಿಟಿಆರ್ ಗೆಜೆಟ್ಟಿನಲ್ಲಿ ಪ್ರಕಟಣೆ ಹಾಕುತ್ತದೆ. ಅದರಲ್ಲಿ ಹೇಳಿದ ದಿನದೊಳಗೆ ಸಂಬಂಧಪಟ್ಟ ಯಾರೇ ಆದರೂ ತಮ್ಮ ಮಾಹಿತಿ ಕೊಡಬಹುದು. ಗುಟ್ಟಲ್ಲದ ಕಾಗದಗಳನ್ನು ಎಲ್ಲ ಕಡೆಯವರೂ ನೋಡಬಹುದು, ಮೌಖಿಕ ವಿಚಾರಣೆಯೂ ಇರುತ್ತದೆ. ಒಬ್ಬೊಬ್ಬರೇ ಹೋಗುವುದಕ್ಕಿಂತ ಬೆಳೆಗಾರರ ಸಂಘ ರೀಲರ್‌ಗಳ ಸಂಘದ ಜೊತೆ ಸೇರಿ ಹೋಗುವುದು ಒಳ್ಳೆಯದು. ಅರ್ಜಿ ನಿಲ್ಲಬೇಕಾದರೆ ಬೆಂಬಲಿಸುವ ಉತ್ಪಾದಕರ ಪಾಲು ದೇಶದ ಉತ್ಪಾದನೆಯ ಕನಿಷ್ಠ ಶೇ 25 ಇರಬೇಕು, ವಿರೋಧಿಸುವವರ ಪಾಲಿಗಿಂತ ಜಾಸ್ತಿಯೂ ಇರಬೇಕು. ಸಾವಿರಾರು ಸಣ್ಣ ರೀಲರ್‌ಗಳಿರುವ ಕಡೆ ಅಷ್ಟು ಜನರ ಲೆಕ್ಕ ಕೂಡಿಸುವುದು ಮಂಡಳಿ, ಇಲಾಖೆಯ ನೆರವಿಲ್ಲದೆ ಆಗುವ ಮಾತಲ್ಲ. ಬಜೆಟ್ ಸುಂಕದ ವಿಷಯಕ್ಕಾದರೆ ಸಂಘದ ಮನವಿಯನ್ನು ರೇಷ್ಮೆ ಮಂಡಳಿಗೂ ಜವಳಿ ಸಚಿವಾಲಯಕ್ಕೂ ಬಜೆಟ್ಟಿಗೆ ನಾಲ್ಕೈದು ತಿಂಗಳು ಮೊದಲೇ ಕಳಿಸಬೇಕು. ಜನವರಿಯಲ್ಲಿ ಕಳಿಸಿದ ಮನವಿಯನ್ನು ಯಾರೂ ಓದುವ ಸ್ಥಿತಿಯಲ್ಲಿರುವುದಿಲ್ಲ.

ಆ ಮನವಿಯ ಜೊತೆ ಲಗತ್ತಿಸಲು ನಿಮ್ಮ ಹತ್ತಿರ ಏನಾದರೂ ಇರಬೇಕಲ್ಲ. ಮಾರುಕಟ್ಟೆಯ ಚೀಟಿಗಳನ್ನು ಎಸೆಯಬೇಡಿ, ಬೆಳೆವಾರು ಪಿನ್ ಹಾಕಿ ಇಡಿ. ಇಲಾಖೆಯವರು ವೆಚ್ಚದ ಸರ್ವೆಗೆ ಬಂದರೆ ಇದ್ದದ್ದು ಇದ್ದ ಹಾಗೆ ಹೇಳಿ, ಸಬ್ಸಿಡಿ ತಪ್ಪುತ್ತದೇನೋ ಅಂತ ಕೂಡಿಸಿ ಕಳೆಯಬೇಡಿ. ಮುಂದಿನ ಬೆಳೆಗೆ ಚಾಕಿ ಹುಳ ತಂದ ದಿನವೇ ಒಂದು ನೋಟ್‌ಬುಕ್ ಶುರು ಮಾಡಿ. ಸೊಪ್ಪು ಕೊಯ್ದ ಗಂಟೆ, ಹಾಕಿದ ಗಂಟೆ, ಹಿಕ್ಕೆ ತೆಗೆದ ಗಂಟೆ, ಗೂಡು ಬಿಡಿಸಿದ ಗಂಟೆ. ಆ ಪುಟಗಳನ್ನು ನಿಮ್ಮ ಮನೆಯಾಕೆಯ ಕೈಯಲ್ಲೇ ಬರೆಸಿ. ಸರಿಯಾದ ಲೆಕ್ಕ ಅವರಿಗೆ ಗೊತ್ತಿರುತ್ತದೆ.